ಒಂಬತ್ತು ಹೆಜ್ಜೆ ದೂರದ ಹೊಗೆ

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಓದು ತಲೆಗೆ ಹತ್ತದೆ ಅಲ್ಲ, ದಾರಿ ಕೇಳಲು ನಾಚಿಕೆಯಾಗಿ. ನಮ್ಮೂರಿನಲ್ಲಿ ಮನೆಗಳು ದಿನಾ ಬೆಳಗಿನ ಜಾವ ಜಾಗ ಬದಲಾಯಿಸುತ್ತವೆ. ಶಾಲೆಯೂ ಬದಲಾಯಿಸುತ್ತದೆ. ಹಾಗಾಗಿ ಹಾಲು ಕಾಯಿಸುವುದಕ್ಕೂ ಮೊದಲು ಹೆಂಗಸರು ಹೊಸ್ತಿಲ ಮೇಲೆ ನಿಂತು ಕೂಗುತ್ತಾರೆ. "ನಾವು ಗಾಣದೋರು!" ಎಂದು ಒಬ್ಬರು, "ನಾವು ಬಳೆಯೋರು!" ಎಂದು ಪಕ್ಕಕ್ಕೆ ಬಂದವರು. ಕೂಗು ಮನೆಯಿಂದ ಮನೆಗೆ ದಾಟಿ, ಬಿಸಿಲು ಏರುವಷ್ಟರಲ್ಲಿ ಇವತ್ತು ಯಾರು ಎಲ್ಲಿ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗದವರು ಬೀದಿಯಲ್ಲಿ ಸಿಕ್ಕವರನ್ನು ಕೇಳುತ್ತಾರೆ. ನನಗೆ ಕೂಗಲೂ ಬಾಯಿ ಬರುತ್ತಿರಲಿಲ್ಲ, ಕೇಳಲೂ ಬರುತ್ತಿರಲಿಲ್ಲ. ಶಾಲೆ ಹುಡುಕಿಕೊಂಡು ಸುತ್ತಿ ಸುತ್ತಿ ಎಷ್ಟೋ ದಿನ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ತಲುಪುತ್ತಿದ್ದೆ. "ಬಂದ್ಯಾ ಮಾದೇವಿ, ಊಟಕ್ಕೆ ಸರಿಯಾಗಿ!" ಎನ್ನುತ್ತಿದ್ದರು ಮೇಷ್ಟ್ರು. ಮಕ್ಕಳೆಲ್ಲ ನಗುತ್ತಿದ್ದರು. ಒಂದು ದಿನ ಹೋಗುವುದನ್ನೇ ಬಿಟ್ಟೆ.

ಕೇಳಲಾಗದವಳು ನೋಡಬೇಕಾಗುತ್ತದೆ. ನೋಡುತ್ತ, ಎಣಿಸುತ್ತ ನನಗೆ ಒಂದು ಸಂಗತಿ ತಿಳಿಯಿತು. ನಮ್ಮ ಪಕ್ಕಕ್ಕೆ ಇವತ್ತು ಯಾರ ಮನೆ ಬರುತ್ತದೋ ಹೇಳಲಾಗದು, ಯಾವ ದಿಕ್ಕಿಗೆ ಬರುತ್ತದೋ ಅದೂ ಹೇಳಲಾಗದು. ಆದರೆ ಬಂದ ಮನೆ ನಮ್ಮ ಬಾಗಿಲಿಂದ ಒಂಬತ್ತು ಹೆಜ್ಜೆಗೇ ನಿಲ್ಲುತ್ತದೆ. ಎಂಟಲ್ಲ, ಹತ್ತಲ್ಲ, ಯಾರ ಮನೆಯಿಂದ ಎಣಿಸಿದರೂ ಅಷ್ಟೇ. ಅದರಾಚೆಯ ಮನೆ ಹದಿನೈದಕ್ಕೋ ಹದಿನೇಳಕ್ಕೋ ಇರುತ್ತದೆ. ಇನ್ನೂ ಆಚೆಗೆ ಹೋದರೆ ಲೆಕ್ಕವೇ ಇಲ್ಲ, ಎಷ್ಟು ದೂರಕ್ಕೆ ಬೇಕಾದರೂ ಯಾರಾದರೂ ಸಿಗುತ್ತಾರೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ದೊಡ್ಡಮ್ಮ ಹೊಂಬಾಳಮ್ಮ. ಊರಿಗೆಲ್ಲ ಅವಳು ಬಿಲ್ಲೆ ಹೊಂಬಾಳಮ್ಮ. ನಮ್ಮೂರಿನ ಪ್ರತಿ ಮನೆಯ ಹೊಗೆಗೂಡಿನಲ್ಲೂ ಅವಳು ಮಾಡಿದ ಕಪ್ಪು ಹೊಗೆಬಿಲ್ಲೆ ಇರುತ್ತದೆ. ಒಲೆಯ ಹೊಗೆ ಅದರ ತೂತುಗಳಲ್ಲಿ ನುಗ್ಗಿ ಹೋಗುವಾಗ ಅರ್ಧಕ್ಕರ್ಧ ಇಲ್ಲವಾಗಿ, ಉಳಿದದ್ದು ಬರೀ ಬೆಚ್ಚನೆ ಗಾಳಿಯಾಗಿ ಹೊರಬೀಳುತ್ತದೆ. ಬಿಲ್ಲೆ ಮಾತ್ರ ಸವೆಯುವುದಿಲ್ಲ. ಬೇರೆ ಊರಿನಲ್ಲಿ ಇದೊಂದು ಅನುಕೂಲ ಅಷ್ಟೆ. ನಮ್ಮಲ್ಲಿ ಇದಿಲ್ಲದಿದ್ದರೆ ಬದುಕೇ ಇಲ್ಲ. ಇವತ್ತು ಯಾರ ಅಡುಗೆಮನೆ ಯಾರ ಬಾಣಂತಿಕೋಣೆಗೆ ಮುಖ ಮಾಡಿ ನಿಲ್ಲುತ್ತದೋ ಯಾರಿಗೆ ಗೊತ್ತು? ದೊಡ್ಡಮ್ಮನಿಗಿಂತ ಮೊದಲಿನ ಕಾಲದಲ್ಲಿ ಹೊಗೆಯಿಂದಲೇ ಜಗಳವಾಗಿ ಮದುವೆಗಳು ಮುರಿದವಂತೆ.

ಬಿಲ್ಲೆಯ ಪುಡಿ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮ್ಯಾಂಗನೀಸಿನ ಉಪ್ಪು, ತಾಮ್ರದ ಉಪ್ಪು ಎರಡನ್ನೂ ನೀರಲ್ಲಿ ಕರಗಿಸಿ ವಾಷಿಂಗ್ ಸೋಡದ ನೀರು ಹುಯ್ದರೆ ಕಂದು ಗಷ್ಟು ಇಳಿಯುತ್ತದೆ. ಅದನ್ನು ಏಳು ನೀರು ತೊಳೆದು, ಪಂಚೆಯಲ್ಲಿ ಕಟ್ಟಿ ಸೋರಲು ಬಿಟ್ಟು, ಆಮೇಲೆ ಬೂದಿ ಮುಚ್ಚಿದ ಕೆಂಡದ ಮೇಲೆ ಇಡೀ ದಿನ ಕಾಯಿಸುತ್ತಾಳೆ. ಹಾಗೆ ಆದ ಕಪ್ಪು ಪುಡಿಯನ್ನು ಒತ್ತಿದರೆ ಬಿಲ್ಲೆ. ಕಾಯಿಸುವಾಗ ದೊಡ್ಡಮ್ಮ ಬೀಸಣಿಗೆ ಹಿಡಿದು ಕೂರುತ್ತಾಳೆ. ಆಗಾಗ ಮುಂಗೈ ಹಿಂಭಾಗವನ್ನು ಬಾಂಡಲಿಯ ಮೇಲೆ ಹಿಡಿದು, "ಇಷ್ಟೇ, ಇನ್ನು ಬ್ಯಾಡ" ಎಂದು ಕೆಂಡ ಎಳೆಯುತ್ತಾಳೆ. ಎದ್ದು ನಿಂತರೆ ಸೊಂಟ ಹಿಡಿದುಕೊಂಡು ಒಂದು ಗಳಿಗೆ ಹಾಗೇ ಬಾಗಿರುತ್ತಾಳೆ.

ಎರಡು ವರ್ಷದ ಹಿಂದೆ ವಾರಿಜಾ ಮೇಡಮ್ ಎಂಬವರು ಈ ಪುಡಿಯ ಒಳಗೆ ಏನಿದೆಯೆಂದು ನೋಡಲು ದೊಡ್ಡ ಎಕ್ಸ್‌ರೇ ಯಂತ್ರ ತಂದು ನಮ್ಮೂರಲ್ಲಿ ಒಂದು ಪ್ರಯೋಗಶಾಲೆ ಕಟ್ಟಿಸಿದರು. ಆ ಕಟ್ಟಡ ಮೊದಲ ವಾರ ಸುಮ್ಮನೆ ನಿಂತಿತ್ತು. ಎರಡನೇ ವಾರದಿಂದ ಅದೂ ಎಲ್ಲರ ಹಾಗೆ ಹೊರಟಿತು. ಮೇಡಮ್ ಒಂದು ದಿನ ಅತ್ತರು, ಆಮೇಲೆ ರೂಢಿಯಾಯಿತು.

"ಎಕ್ಸ್‌ರೇ ಅಂದ್ರೆ ಮೂಳೆ ನೋಡೋದಲ್ವ ತಾಯಿ? ನನ್ನ ಪುಡಿಗೆ ಯಾವ ಮೂಳೆ ಮುರಿದದೆ?" ಎಂದು ದೊಡ್ಡಮ್ಮ ಕೇಳಿದಳು.

"ಮೂಳೆ ಇದೆಯೋ ಇಲ್ವೋ ಅಂತ ನೋಡಕ್ಕೇ ಬಂದಿರೋದು ಹೊಂಬಾಳಮ್ಮ," ಎಂದು ಮೇಡಮ್ ನಕ್ಕರು.

ನಾನು ಅಲ್ಲಿ ಕಸ ಗುಡಿಸಲು ಸೇರಿದೆ. ಪುಡಿಯನ್ನು ಗಾಜಿನ ನಳಿಗೆಗಳಿಗೆ ತುಂಬುವುದು ಮೇಡಮ್‌ಗೆ ತಲೆನೋವಾಗಿತ್ತು. ನಳಿಗೆ ಎಂದರೆ ಕಡ್ಡಿಪೊರಕೆಯ ಕಡ್ಡಿಗಿಂತ ಸಣ್ಣದು, ಉಸಿರು ತಾಗಿದರೆ ಮುರಿಯುವಂಥದ್ದು. ಒಂದು ದಿನ ಅವರು ಆರು ಮುರಿದು ಎದ್ದು ಹೋದಾಗ ನಾನು ಏಳನೆಯದನ್ನು ತುಂಬಿ ಇಟ್ಟೆ. ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಮಾತಾಡದೆ ಮಾಡುವ ಕೆಲಸ, ನನಗೆ ಹೇಳಿಮಾಡಿಸಿದ್ದು.

ನಳಿಗೆಯ ಮೂಲಕ ಎಕ್ಸ್‌ರೇ ಹಾಯಿಸಿದರೆ ಅದು ಒಳಗಿನ ಪರಮಾಣುಗಳಿಗೆ ತಾಗಿ ಚದುರಿ ಎದುರಿನ ಫಲಕದ ಮೇಲೆ ಬೀಳುತ್ತದೆ. ಅಡುಗೆ ಉಪ್ಪು ತುಂಬಿದರೆ ಫಲಕದ ಮೇಲೆ ದಾರ ಎಳೆದ ಹಾಗೆ ಚೊಕ್ಕ ಉಂಗುರಗಳು. ದೊಡ್ಡಮ್ಮನ ಪುಡಿ ತುಂಬಿದರೆ ಹಾಲು ಚೆಲ್ಲಿದ ಹಾಗೆ ಮಸುಕು ಮಸುಕು, ಎರಡು ಮೂರು ಅಗಲ ವರ್ತುಲ, ಅಷ್ಟೆ.

"ಉಪ್ಪಿನೊಳಗೆ ಪರಮಾಣುಗಳು ಸಾಲಾಗಿ ಕೂತಿರ್ತವೆ. ಇದರಲ್ಲಿ ಹಾಗಿಲ್ಲ. ಯಾವುದು ಎಲ್ಲಿದೆ ಅಂತ ನಕ್ಷೆ ಬರೆಯಕ್ಕೆ ಆಗಲ್ಲ," ಎಂದು ಮೇಡಮ್ ಹೇಳಿದರು. ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದರು. ಮೊದಲು ಒಂದು ಎತ್ತರದ ಗುಡ್ಡ, ಆಮೇಲೆ ಒಂದು ಅಗಲ ಗುಡ್ಡ, ಆಮೇಲೆ ಸಣ್ಣ ಅಲೆ, ಕೊನೆಗೆ ಚಪ್ಪಟೆ. "ಆದ್ರೆ ಒಂದು ಪರಮಾಣುವಿನಿಂದ ಎಷ್ಟು ದೂರಕ್ಕೆ ಇನ್ನೊಂದು ಸಿಗುತ್ತೆ ಅಂತ ಈ ಮಸುಕಿನಿಂದಲೇ ಲೆಕ್ಕ ಹಾಕಬಹುದು. ಪಕ್ಕದ್ದು ಇಲ್ಲಿ. ಅದರಾಚೆಯದು ಸುಮಾರು ಇಲ್ಲಿ. ಇನ್ನೂ ದೂರ ಹೋದ್ರೆ…"

"ಲೆಕ್ಕವಿಲ್ಲ," ಎಂದುಬಿಟ್ಟೆ. ಮೇಡಮ್ ತಿರುಗಿ ನನ್ನನ್ನೇ ನೋಡಿದರು. ನಾನು ಪೊರಕೆ ತೆಗೆದುಕೊಂಡು ಆಚೆ ಕೋಣೆಗೆ ಹೋದೆ.

ತೊಂದರೆ ಶುರುವಾದದ್ದು ಆ ಚಿತ್ರಗಳನ್ನು ಊರವರಿಗೆ ತೋರಿಸಿದ ದಿನ. ಆ ಹೊತ್ತಿಗೆ, ಮನೆಮನೆಗೆ ಬಿಲ್ಲೆ ಹಂಚುವ ಊರಿನ ಬಿಲ್ಲೆ ಸಂಘದವರು ಒಂದು ಕರೆಂಟಿನ ಕುಲುಮೆ ತರಿಸಿದ್ದರು. ಸಂಘದ ಅಧ್ಯಕ್ಷರು ಬ್ರಹ್ಮಾಚಾರ್ರು, ಮರಗೆಲಸದವರು. ಒಳ್ಳೆಯ ಮನುಷ್ಯ. ದೊಡ್ಡಮ್ಮನ ಪುಡಿಯನ್ನೇ ಒಂದಿಷ್ಟು ತೆಗೆದುಕೊಂಡು, ಹೊಸ ಕುಲುಮೆಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಕೆಂಪಗೆ ಕಾಯಿಸಿ ಪರೀಕ್ಷೆಗೆ ತಂದಿದ್ದರು. ನಳಿಗೆಗೆ ತುಂಬುವಾಗಲೇ ನನಗೆ ವ್ಯತ್ಯಾಸ ಗೊತ್ತಾಗಿತ್ತು. ದೊಡ್ಡಮ್ಮನ ಪುಡಿ ಬೆರಳಿಗೆ ಅಂಟಿಕೊಳ್ಳುತ್ತದೆ, ಇದು ಮಿಣಮಿಣ ಎನ್ನುತ್ತ ಜಾರಿತು.

ಗೋಡೆಯ ಮೇಲೆ ಎರಡೂ ಚಿತ್ರ ಅಕ್ಕಪಕ್ಕ ತೂಗುಹಾಕಿದ್ದರು. ಒಂದರಲ್ಲಿ ಮಸುಕು. ಇನ್ನೊಂದರಲ್ಲಿ ಉಪ್ಪಿನಲ್ಲಿ ಬಂದಂಥವೇ ಉಂಗುರ, ಒಂದರೊಳಗೊಂದು, ಕೂದಲೆಳೆಯಷ್ಟು ಚೊಕ್ಕ. ಜನ ಅದರ ಮುಂದೆ ಕೈಮುಗಿಯುವುದೊಂದು ಬಾಕಿ. ಬೆಳಗೆದ್ದು ತಮ್ಮ ಮನೆ ಯಾವ ಕಡೆಗಿದೆಯೆಂದು ಕೂಗಿ ತಿಳಿಯಬೇಕಾದವರಿಗೆ ಅಂಥ ಸಾಲು ಕಂಡರೆ ಏನಾಗುತ್ತದೆಂದು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ.

"ಎಷ್ಟು ಅಚ್ಚುಕಟ್ಟು ನೋಡ್ರಪ್ಪ!" ಎಂದರು ಬ್ರಹ್ಮಾಚಾರ್ರು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. "ಇದರೊಳಗೆ ಎಲ್ಲರೂ ಅವರವರ ಜಾಗದಲ್ಲಿ ಅವ್ರೆ. ನಿನ್ನೆ ಎಲ್ಲಿದ್ರೋ ಇವತ್ತೂ ಅಲ್ಲೇ!"

"ಯಾವುದು ಕೆಲಸ ಚೆನ್ನಾಗಿ ಮಾಡುತ್ತೆ ಅಂತ ನಾನಿನ್ನೂ ಅಳೆದಿಲ್ಲ," ಎಂದರು ಮೇಡಮ್. "ಒಳಗಿನ ರಚನೆ ಮಾತ್ರ ನೋಡಿದೀನಿ."

"ಅಳೆಯೋದೇನು ಮೇಡಮ್ನೋರೆ, ಕಣ್ಣಿಗೆ ಕಾಣ್ತಾ ಇಲ್ವ?"

ಹೊಸ ಬಿಲ್ಲೆಯನ್ನು ಹದಿನೈದು ದಿನ ಐದು ಮನೆಗಳಲ್ಲಿ ಇಟ್ಟು ನೋಡುವುದು, ಸರಿಹೋದರೆ ಎಲ್ಲರಿಗೂ ಅದನ್ನೇ ಹಾಕಿ ಹೊಂಬಾಳಮ್ಮನ ಕೆಂಡದ ಒಲೆಯನ್ನು ಒಡೆಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಮರ್ಯಾದೆಗೆಂದು ಮೊದಲ ಐದು ಬಿಲ್ಲೆ ಸಂಘದ ಐವರು ಪದಾಧಿಕಾರಿಗಳ ಮನೆಗೇ ಹೋದವು.

ದೊಡ್ಡಮ್ಮ ಮನೆಗೆ ಬಂದು ಬೀಸಣಿಗೆಯನ್ನು ಗೋಡೆಗೆ ಒರಗಿಸಿದಳು. "ಮೂವತ್ತೊಂದು ವರ್ಷ ಮಸುಕನ್ನ ಮಾಡಿದೀನಿ ನೋಡು," ಎಂದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಮರುದಿನ ಗಷ್ಟು ತೊಳೆಯಲು ಕೂತವಳು ಎಷ್ಟು ನೀರಾಯಿತೆಂದು ಮರೆತಳು. ಊರಿನಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಬಿಲ್ಲೆಯ ಹೆಸರಿನಿಂದ. ಒಲೆ ಒಡೆದ ಮೇಲೆ ಏನೆಂದು ಕರೆಯುತ್ತಾರೆ?

ಒಂದೆರಡು ದಿನ ಕಳೆದವು. ಬಾವಿಕಟ್ಟೆಯ ಹತ್ತಿರ ಅಧ್ಯಕ್ಷರ ಹೆಂಡತಿ ಮಂಗಳಮ್ಮನವರ ಕಣ್ಣು ಕೆಂಪಗಿರುವುದನ್ನು ನೋಡಿದೆ. "ಈರುಳ್ಳಿ ಹೆಚ್ತಿದ್ದೆ ಕಣೇ," ಎಂದರು, ನಾನು ಏನೂ ಕೇಳದಿದ್ದರೂ. ಖಜಾಂಚಿಯ ಹೆಂಡತಿ ಹಗಲೆಲ್ಲ ಅಡುಗೆಮನೆಯ ಬಾಗಿಲು ಹಾಕಿಕೊಂಡಿರುತ್ತಿದ್ದರು. ಅವತ್ತು ಗಾಣದವರ ಮಗು ಕೆಮ್ಮಿತು. ಮರುದಿನ ಅದು ಚೆನ್ನಾಗಿತ್ತು, ಬಳೆಯವರ ಅಜ್ಜ ಕೆಮ್ಮಿದರು. ಅದರ ಮರುದಿನ ಹೂವಿನವರು ಒಗೆದ ಸೀರೆಯ ಮೇಲೆ ಮಸಿ ಕಂಡು, "ಯಾವ ಮುಂಡೇದೋ ಹೊಗೆ!" ಎಂದು ಆಕಾಶಕ್ಕೆ ಬೈದರು. ಯಾರಿಗೂ ಸತತ ಎರಡು ದಿನ ಹೊಗೆ ಬರುತ್ತಿರಲಿಲ್ಲ. ಬಂದ ಹೊಗೆ ಯಾರದೆಂದು ವಿಚಾರಿಸುವಷ್ಟರಲ್ಲಿ ಬೆಳಗಾಗಿ ಎಲ್ಲ ಮನೆಗಳೂ ಚೆದುರಿ ಹೋಗಿರುತ್ತಿದ್ದವು. ಹಾಗಾಗಿ ಊರಿಗೆ ಊರೇ ಒಂದೊಂದು ಸಲ ಕೆಮ್ಮಿ, ಗಾಳಿಯ ಗುಣ ಎಂದು ಸುಮ್ಮನಾಗಿತ್ತು.

ನನಗೆ ಮೇಡಮ್‌ರ ಗೆರೆ ನೆನಪಾಯಿತು. ಯಾವುದು ಎಲ್ಲಿದೆ ಎಂದು ಹೇಳಲಾಗದು, ಎಷ್ಟು ದೂರ ಎಂದು ಹೇಳಬಹುದು. ನಮ್ಮಲ್ಲಿ ಎರಡು ಅಳಗುಳಿ ಮಣೆ ಇದ್ದವು, ಒಂದೊಂದರಲ್ಲಿ ಹದಿನಾಲ್ಕು ಗುಳಿ. ಮೊದಲ ಗುಳಿ ಒಂಬತ್ತು ಹೆಜ್ಜೆಗೆ, ಎರಡನೆಯದು ಹದಿನೈದರಿಂದ ಹದಿನೇಳಕ್ಕೆ, ಆಮೇಲಿನವು ಹತ್ತು ಹತ್ತು ಹೆಜ್ಜೆ ದೂರದೂರಕ್ಕೆ ಎಂದು ಇಟ್ಟುಕೊಂಡೆ. ದಿನಾ ಪ್ರಯೋಗಶಾಲೆ ಹುಡುಕಿಕೊಂಡು ಹೋಗುವಾಗ ಹೇಗೂ ಊರೆಲ್ಲ ಸುತ್ತುತ್ತಿದ್ದೆ. ಯಾರ ಮನೆಯಲ್ಲಿ ಕೆಮ್ಮು, ಮಸಿ, ಕೆಂಪುಕಣ್ಣು ಕಂಡರೂ ಅಲ್ಲಿಂದ ಹೊಸ ಬಿಲ್ಲೆಯ ಐದು ಮನೆಗಳಿಗೂ ಹೆಜ್ಜೆ ಎಣಿಸುತ್ತಿದ್ದೆ. ಮನೆಗೆ ಬಂದು ಒಂದೊಂದು ದೂರಕ್ಕೂ ಒಂದೊಂದು ಹುಣಿಸೆಬೀಜವನ್ನು ಆಯಾ ಗುಳಿಗೆ ಹಾಕುತ್ತಿದ್ದೆ. ಎರಡನೇ ಮಣೆಗೂ ಹಾಗೆಯೇ, ಆದರೆ ಅದಕ್ಕೆ ದೊಡ್ಡಮ್ಮನ ಹಳೆ ಬಿಲ್ಲೆ ಇರುವ ಬೇರೆ ಐದು ಮನೆಗಳಿಂದ ಎಣಿಸಿದೆ.

"ಒಬ್ಬಳೇ ಕೂತು ಅದೇನು ಆಟಾನೇ?" ಎಂದಳು ದೊಡ್ಡಮ್ಮ.

"ಗೆದ್ದರೆ ಹೇಳ್ತೀನಿ," ಎಂದೆ.

ಹದಿಮೂರನೇ ದಿನ ಮೊದಲ ಮಣೆಯ ಮೊದಲ ಗುಳಿ ತುಂಬಿ ಬೀಜ ಕೆಳಗೆ ಉದುರುತ್ತಿತ್ತು. ಮಿಕ್ಕ ಗುಳಿಗಳಲ್ಲಿ ನಾಲ್ಕು, ಐದು, ಮೂರು, ಹೀಗೆ. ಎರಡನೇ ಮಣೆಯಲ್ಲಿ ಎಲ್ಲಿ ನೋಡಿದರೂ ನಾಲ್ಕು, ಐದು, ಮೂರು. ಒಂದು ದಿನದ ಬೀಜ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಇಷ್ಟು ದಿನದ್ದು ಒಟ್ಟಿಗೆ ಬಿದ್ದಾಗ ಗುಡ್ಡ ಎದ್ದು ನಿಂತಿತ್ತು. ಎರಡೂ ಮಣೆಗಳನ್ನು ಬಟ್ಟೆಯಲ್ಲಿ ಸುತ್ತಿ ಮೇಡಮ್‌ಗೆ ತೋರಿಸಿದೆ.

ಅವರು ಮೊದಲ ಗುಳಿಯ ಬೀಜಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ, "ಇದನ್ನ ನಿಂಗೆ ಯಾರು ಹೇಳಿಕೊಟ್ರು ಮಾದೇವಿ?" ಎಂದರು.

"ನೀವೇ. ಕಂಪ್ಯೂಟರಲ್ಲಿ."

"ನಾಳಿದ್ದು ಸಭೇಲಿ ಇದನ್ನ ಹೇಳಬೇಕು."

"ನೀವೇ ಹೇಳಿ ಮೇಡಮ್."

"ಹೆಜ್ಜೆ ಎಣಿಸಿದ್ದು ನಾನಾ? ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರೆ ನಾನೇನು ಹೇಳಲಿ?"

ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ದೊಡ್ಡಮ್ಮನಿಗೂ ಸೇರುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು "ಉಣ್ಣು, ಉಣ್ಣು" ಎಂದುಕೊಂಡು ಎದ್ದೆವು.

ಸಭೆಯ ದಿನ ಸಂಘದ ಚಾವಡಿ ಬಾವಿಯ ಪಕ್ಕಕ್ಕೆ ಬಂದಿತ್ತು. ಊರಿಗೆ ಊರೇ ಸೇರಿತ್ತು. ಬ್ರಹ್ಮಾಚಾರ್ರು ಚೊಕ್ಕ ಉಂಗುರದ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಅವರೇ ಕೆತ್ತಿದ್ದು, ತಮ್ಮ ಹಿಂದೆ ನಿಲ್ಲಿಸಿದ್ದರು. "ಹದಿನೈದು ದಿನ ಆಯ್ತು. ಐದು ಮನೆಯಿಂದ ಒಂದು ದೂರು ಬಂದಿಲ್ಲ. ಇನ್ನೇನಾದ್ರೂ ಹೇಳೋರು ಅವ್ರಾ?" ಎಂದು ಸುತ್ತ ನೋಡಿದರು.

ನಾನು ಮಣೆಗಳ ಗಂಟನ್ನು ಮಡಿಲಲ್ಲಿ ಹಿಡಿದು ಕೂತೇ ಇದ್ದೆ. ದೊಡ್ಡಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಕಾರ್ಯದರ್ಶಿ ಪುಸ್ತಕ ತೆರೆದು ಬರೆಯಲು ಶುರುಮಾಡಿದರು. ಪೆನ್ನು ಕಾಗದಕ್ಕೆ ತಾಗಿದ ಸದ್ದು ನನಗೆ ಕೇಳಿಸಿತೋ ಏನೋ. ಎದ್ದೆ. ಜನರ ಕಾಲು ತುಳಿಯುತ್ತ ಹೋಗಿ ಎರಡು ಮಣೆಗಳನ್ನೂ ಅಧ್ಯಕ್ಷರ ಮೇಜಿನ ಮೇಲಿಟ್ಟೆ.

"ಅಳಗುಳಿ ಆಡಕ್ ಬಂದವ್ಳೆ!" ಎಂದು ಯಾರೋ ಹಿಂದಿನಿಂದ. ಚಾವಡಿಯೆಲ್ಲ ನಕ್ಕಿತು.

"ಒಂಬತ್ತು ಹೆಜ್ಜೆ," ಎಂದೆ. ದನಿ ನನ್ನದಲ್ಲ ಎನಿಸಿತು. "ಕೆಮ್ಮಿದವರೆಲ್ಲ ಅವತ್ತು ಹೊಸ ಬಿಲ್ಲೆ ಮನೆಯಿಂದ ಒಂಬತ್ತು ಹೆಜ್ಜೇಲಿದ್ರು."

"ಯಾರು ಕೆಮ್ಮಿದ್ರು?" ಎಂದರು ಬ್ರಹ್ಮಾಚಾರ್ರು.

"ಸೋಮವಾರ ಗಾಣದೋರ ಪಾಪು. ಅವತ್ತು ಪಕ್ಕಕ್ಕೆ ಖಜಾಂಚಿಯೋರ ಮನೆ ಇತ್ತು. ಮಂಗಳವಾರ ಬಳೆ ಅಜ್ಜ. ಅವತ್ತು ನಿಮ್ಮನೆ. ಬುಧವಾರ ಹೂವಿನೋರ ಸೀರೆ…"

"ಹೌದಲ್ಲ!" ಎಂದು ಹೂವಿನವರು ಎದ್ದು ನಿಂತರು. "ಅವತ್ತು ನಮ್ಮ ಪಕ್ಕ ಕಾರ್ಯದರ್ಶಿಯೋರಿದ್ರು! ನಾ ಸುಮ್ನೆ ಆಕಾಶಕ್ಕೆ ಬೈದೆ!"

ನಾನು ಕಂಡ ಅಷ್ಟೂ ದಿನದ್ದು ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ, ಆದರೆ ಹೇಳಿದೆ. ಒಬ್ಬೊಬ್ಬರೇ "ಅದು ನಿಜ", "ನಮ್ಮನೇಲೂ ಅವತ್ತು" ಎನ್ನತೊಡಗಿದರು. ಬ್ರಹ್ಮಾಚಾರ್ರ ಮುಖ ಇಳಿಯಿತು. "ಹಾಗಾದ್ರೆ ನಮ್ಮ ಐದು ಮನೇಲಿ? ನಮ್ಮನೇಲಿ ಹೊಗೆ ಇಲ್ವಲ್ಲ?"

ಹೆಂಗಸರ ಕಡೆಯಿಂದ ಮಂಗಳಮ್ಮ ಎದ್ದರು. "ನೀವು ಬೆಳಗಾದ್ರೆ ಕೊಟ್ಟಿಗೇಲಿ ಉಳಿ ಹಿಡಿದು ಕೂರ್ತೀರ, ಉಣ್ಣೋ ಹೊತ್ತಿಗೆ ಒಳಕ್ಕೆ ಬರ್ತೀರ. ಅಷ್ಟರೊಳಗೆ ನಾನು ಗೋಡೆ ಒರೆಸಿ, ಪಾತ್ರೆ ಉಜ್ಜಿ, ಮುಖ ತೊಳೆದು ಕೂತಿರ್ತೀನಿ ಕಣ್ರೀ. ಆ ಚಿತ್ರ ನೋಡಿ ಹಾಗೆ ಕಣ್ಣಲ್ಲಿ ನೀರು ಹಾಕ್ಕೊಂಡೋರಿಗೆ ಹೆಂಗೆ ಹೇಳಲಿ?"

"ನಾನೂ ಅಷ್ಟೇ ಕಣಕ್ಕ!" ಎಂದರು ಖಜಾಂಚಿಯ ಹೆಂಡತಿ. "ನೀವು ಏನೂ ಅಂತಿರಲಿಲ್ಲ, ನಮ್ಮನೇ ಬಿಲ್ಲೆ ಒಂದೇ ಕೆಟ್ಟದು ಅಂದ್ಕೊಂಡಿದ್ದೆ."

"ನಾನೂ," ಎಂದರು ಇನ್ನೊಬ್ಬರು. ಐದೂ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರುಮಾಡಿದರು. ಆ ನಗು ನಿಲ್ಲಲು ಬಹಳ ಹೊತ್ತಾಯಿತು. ಬ್ರಹ್ಮಾಚಾರ್ರು ಕುರ್ಚಿಯಲ್ಲಿ ಕೂತು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. "ಅಷ್ಟು ಅಚ್ಚುಕಟ್ಟಾಗಿದ್ದು ಕೆಲಸ ಯಾಕೆ ಮಾಡಲ್ಲ ಮೇಡಮ್ನೋರೆ?" ಎಂದು ಮಗುವಿನ ಹಾಗೆ ಕೇಳಿದರು.

ಮೇಡಮ್ ಯೋಚಿಸಿ ಹೇಳಿದರು: "ಖಚಿತವಾಗಿ ಹೇಳಕ್ಕೆ ಇನ್ನೂ ಪರೀಕ್ಷೆ ಮಾಡಬೇಕು. ನನಗೆ ಅನ್ನಿಸೋದು, ತುಂಬ ಕಾಯಿಸಿದಾಗ ಪರಮಾಣುಗಳೆಲ್ಲ ಸಾಲು ಕಟ್ಟಿ ಪಕ್ಕದೋರ ಕೈ ಹಿಡಿದು ಕೂತುಬಿಡ್ತವೆ. ಹೊಗೆ ಬಂದ್ರೆ ಹಿಡಿಯಕ್ಕೆ ಖಾಲಿ ಕೈ ಇರಲ್ಲ. ಕಡಿಮೆ ಬಿಸೀಲಿ ಕಾಯಿಸಿದ್ರೆ ಹತ್ತಿರದೋರ ಜೊತೆ ಹೊಂದಿಕೊಂಡಿರ್ತವೆ, ದೂರಕ್ಕೆ ಸಾಲಿರಲ್ಲ. ಅಲ್ಲಲ್ಲಿ ಖಾಲಿ ಕೈ ಉಳಿದಿರುತ್ತೆ."

"ಅಲ್ಲಿಗೆ ಊರೆಲ್ಲ ಪಂಕ್ತೀಲಿ ಕೂತ್ರೆ ಬಡಿಸೋರು ಯಾರೂ ಇಲ್ಲ ಅಂದಂಗಾಯ್ತು," ಎಂದಳು ಕಂಬದ ಹತ್ತಿರದಿಂದ ದೊಡ್ಡಮ್ಮ. ಹದಿನೈದು ದಿನದಲ್ಲಿ ಅವಳು ಜೋರಾಗಿ ಆಡಿದ ಮೊದಲ ಮಾತು ಅದು.

ಐದು ಮನೆಗೂ ಹಳೆ ಬಿಲ್ಲೆ ವಾಪಸು ಹಾಕುವುದು, ಕೆಂಡದ ಒಲೆ ಒಡೆಯುವ ಮಾತು ಬಿಡುವುದು ಎಂದು ಎಲ್ಲರೂ ಕೈ ಎತ್ತಿದರು. ಬ್ರಹ್ಮಾಚಾರ್ರೂ ಎತ್ತಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಆ ಕುಲುಮೇನ ತಂದಲ್ಲಿಗೇ ಕಳಿಸಿಬಿಡಾಣ," ಎಂದರು.

"ಯಾಕೆ ಕಳಿಸೋದು?" ಎಂದಳು ದೊಡ್ಡಮ್ಮ. "ಅದೇನು ತಪ್ಪು ಮಾಡ್ತು? ಕಾಯಿಸು ಅಂದ್ರಿ, ಕಾಯಿಸ್ತು. ಕಮ್ಮಿ ಅಂದ್ರೆ ಕಮ್ಮೀನೇ ಕಾಯಿಸ್ತದೆ. ಬೀಸಿ ಬೀಸಿ ನನ್ನ ಸೊಂಟ ಬಿದ್ದೋಗದೆ. ನಮ್ಮನೇಗೆ ತಂದಿಡಿ."

"ನೀವು ಅದನ್ನ ಇಟ್ಕೋತೀರಾ ಹೊಂಬಾಳಮ್ಮ?"

"ಇಟ್ಕೋತೀನಿ. ಇವತ್ತೇ ಹೊತ್ತು ತನ್ನಿ. ನಾಳೆ ಆದ್ರೆ ನಮ್ಮನೆ ಎಲ್ಲಿರ್ತದೋ, ಅಷ್ಟು ಭಾರ ಹೊತ್ತು ಸುತ್ತಕ್ಕಾಯ್ತದಾ?"

ನಾಲ್ಕು ಜನ ಏದುಸಿರು ಬಿಡುತ್ತ ಕುಲುಮೆಯನ್ನು ಹೊತ್ತು ತಂದು ನಮ್ಮ ಹಿತ್ತಿಲ ಕೋಣೆಯಲ್ಲಿ ಇಳಿಸಿದರು. ದೊಡ್ಡಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಲುಮೆಯ ಸುತ್ತ ಒಂದು ಸಲ ಬಂದಳು, ಹೊಸ ಹಸುವನ್ನು ನೋಡುವ ಹಾಗೆ. "ನೀನು ಗುಂಡಿ ತಿರುಗಿಸು. ನಾನು ಕೈಯಲ್ಲಿ ನೋಡ್ತೀನಿ," ಎಂದಳು.

ನಾನು ಮೆಲ್ಲಗೆ ತಿರುಗಿಸುತ್ತ ಹೋದೆ. ಅವಳು ಕುಲುಮೆಯ ಬಾಗಿಲ ಮುಂದೆ ಮುಂಗೈ ಹಿಂಭಾಗ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. "ಇಷ್ಟೇ, ಇನ್ನು ಬ್ಯಾಡ." ಬಿಸಿ ತೋರಿಸುವ ಮುಳ್ಳು ಒಂದು ಅಂಕಿಯ ಮೇಲೆ ನಿಂತಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಕಾಯಿಸಿದೆವು. "ಇಷ್ಟೇ." ಅದೇ ಅಂಕಿ. ಮೂರನೇ ಸಲ ಬೇಕೆಂದೇ ಗುಂಡಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಿದೆ. ಅವಳು ಕಣ್ಣು ಬಿಡದೆಯೇ ನನ್ನ ಕೈಗೆ ಪಟ್ಟೆಂದು ಹೊಡೆದಳು. ನಾನು ಹಿಂದಕ್ಕೆ ತಿರುಗಿಸುತ್ತ ಬಂದೆ, ಅವಳು "ಹ್ಞಾಂ" ಎನ್ನುವವರೆಗೆ. ಅದೇ ಅಂಕಿ.

"ಏನಂತದೆ ನಿನ್ನ ಮುಳ್ಳು?" ಎಂದಳು.

ಅಂಕಿಯನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ನಾಳೆಯಿಂದ ಅವಳು ಕೈ ಹಿಡಿದು ನೋಡುವುದನ್ನು ಬಿಟ್ಟು ಮುಳ್ಳನ್ನೇ ನಂಬಿಬಿಡುತ್ತಾಳೋ ಎಂದು ಭಯವಾಯಿತು.

"ನೀನು ಹೇಳಿದ್ದೇ ಸರಿ ಅಂತದೆ ದೊಡ್ಡಮ್ಮ," ಎಂದೆ.

ಅವಳು ಕುಲುಮೆಯ ತಲೆಯ ಮೇಲೆ ಎರಡು ಸಲ ತಟ್ಟಿದಳು. "ಪರವಾಗಿಲ್ಲ," ಎಂದಳು, "ಬುದ್ಧಿವಂತ ಅದೆ."